ಹಳ್ಳಕ್ಕಿಳಿದ ಜಿಪ್ಸಿ: ಮೊದಲು ರಿಪೇರಿ, ಲಿಫ್ಟ್ ಮಾತು ಆಮೇಲೆ

ಪ್ರಶ್ನೆ: ಸರ್, ನಮ್ಮೂರು ಮೂಡಿಗೆರೆ ಹತ್ತಿರ. ನನ್ನ ಬಳಿ 2007ರ ಮಾರುತಿ ಜಿಪ್ಸಿ ಕಿಂಗ್ ಸಾಫ್ಟ್ ಟಾಪ್ (ಬಟ್ಟೆ ಮಾಡಿನ ಜೀಪು) ಇದೆ. ತೋಟದ ಓಡಾಟಕ್ಕೂ ಅದೇ, ಭಾನುವಾರ ಗೆಳೆಯರ ಜೊತೆ ಕಚ್ಚಾ ದಾರಿ ಸುತ್ತುವುದಕ್ಕೂ ಅದೇ. ಆಗಸ್ಟ್‌ನಲ್ಲಿ ಗೆಳೆಯನ ಎಸ್ಟೇಟಿನ ಹಳ್ಳ ದಾಟುವಾಗ ಹಿಂದಿನ ಆಕ್ಸಲ್ ದೊಡ್ಡ ಬಂಡೆಯ ಮೇಲೆ ಜೋರಾಗಿ ಕೂತಿತು. ಹಬ್ (ಚಕ್ರದ ನಡುಭಾಗ) ಮುಳುಗುವಷ್ಟು ನೀರಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಿತ್ತು. ಕೊನೆಗೆ ಟ್ರ್ಯಾಕ್ಟರ್ ತರಿಸಿ ಎಳೆಸಿದೆವು. ಎಂಜಿನ್ ನಿಲ್ಲಲಿಲ್ಲ. ಈಗ ಹಿಂದಿನ ಡಿಫ್ (ಡಿಫರೆನ್ಷಿಯಲ್, ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬಿ) ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದೆ. ಡೀಸೆಲ್ ಹಾಕಿ ತೊಳೆದು ಹೊಸ ಆಯಿಲ್ ಹಾಕಿಸಿದೆ, ಎರಡೇ ವಾರಕ್ಕೆ ಮತ್ತೆ ಅದೇ ಬಣ್ಣ. ಹಿಂದಿನಿಂದ ಕೊಯ್ ಅಂತ ಸದ್ದು. 50-60 ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತದೆ. ಹಿಂದೆ ಬರುವವರು ಗಾಡಿ ಸೊಟ್ಟಗೆ ಓಡುತ್ತಿದೆ ಅನ್ನುತ್ತಾರೆ. ಗ್ಯಾರೇಜಿನವರು ಗಾಡಿ ಎತ್ತರಿಸುವ ನಾಲ್ಕಿಂಚು ಲಿಫ್ಟ್, 235/75 ಆರ್15 ಮಡ್ ಟೈರ್, ಚಕ್ರವನ್ನು ಹೊರಕ್ಕೆ ತಳ್ಳುವ ವೀಲ್ ಸ್ಪೇಸರ್, ಹಿಂದೆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕರ್ ಹಾಕಿಸಿ, ಆಮೇಲೆ ಏನೂ ಆಗಲ್ಲ ಅಂತಿದ್ದಾರೆ. ಒಟ್ಟು ಎರಡೂವರೆ ಲಕ್ಷ. ಮಾರಿಬಿಡು ಅಂತ ಮನೆಯವರ ಒತ್ತಾಯ. ಮಕ್ಕಳನ್ನೂ ಇದರಲ್ಲೇ ಕರೆದೊಯ್ಯುತ್ತೇನೆ. ಏನು ಮಾಡಲಿ?

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಗಾಡಿಯನ್ನು ಸದ್ಯಕ್ಕೆ ಓಡಿಸಬೇಡಿ. ತೋಟದೊಳಗೂ ಬೇಡ. ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಲೂ ಬೇಡಿ. ಎಳೆದರೂ ಹಿಂದಿನ ಚಕ್ರ ತಿರುಗುತ್ತದೆ, ಚಕ್ರದ ಜೊತೆ ಡಿಫ್‌ನ ಹಲ್ಲುಗಳೂ ತಿರುಗುತ್ತವೆ. ನೀರು ಬೆರೆತ ಆಯಿಲ್‌ನಲ್ಲಿ ಆ ಬೇರಿಂಗ್‌ಗಳು ತಿರುಗಿದಷ್ಟೂ ನಿಮ್ಮ ರಿಪೇರಿ ಬಿಲ್ ಬೆಳೆಯುತ್ತದೆ. ಮೇಲೆ ಹೇರಿಕೊಂಡು ಹೋಗುವ ಗಾಡಿ ಕರೆಸಿ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸೇರಿಕೊಂಡಿವೆ. ಏನು ಕೆಟ್ಟಿದೆ ಅನ್ನುವುದು ಒಂದು. ಮತ್ತೆ ಹೀಗಾಗದಂತೆ ಏನು ಹಾಕಿಸಬೇಕು ಅನ್ನುವುದು ಇನ್ನೊಂದು. ಗ್ಯಾರೇಜಿನವರು ಎರಡನೆಯದಕ್ಕೆ ಮಾತ್ರ ಉತ್ತರ ಕೊಟ್ಟಿದ್ದಾರೆ. ಅದೂ ನನ್ನ ಪ್ರಕಾರ ತಪ್ಪು ಉತ್ತರ. ಬಂಡೆಗೆ ಬಡಿದದ್ದು ಆಕ್ಸಲ್ ಅಲ್ವಾ? ನಾಲ್ಕಿಂಚು ಲಿಫ್ಟ್ ಮಾಡಿದರೆ ಬಾಡಿ ಮತ್ತು ಚಾಸಿ ಮೇಲೇರುತ್ತವೆ. ಆಕ್ಸಲ್ ಒಂದು ಮಿಲಿಮೀಟರ್ ಕೂಡ ಏರುವುದಿಲ್ಲ. ಜಿಪ್ಸಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಅದರ ಎತ್ತರವನ್ನು ನಿರ್ಧರಿಸುವುದು ಟೈರ್ ಒಂದೇ. ಆಯಿಲ್‌ಗೆ ನೀರು ಸೇರಿದ್ದಕ್ಕೂ ಗಾಡಿಯ ಎತ್ತರಕ್ಕೂ ಸಂಬಂಧವೇ ಇಲ್ಲ.

ನೀರು ಹೇಗೆ ಒಳಗೆ ಹೋಯಿತು ಅಂತ ನೋಡೋಣ. ಸೀಲ್ ಹೋಗಿದೆ ಅಂತ ತುಂಬಾ ಜನ ತಕ್ಷಣ ಹೇಳಿಬಿಡುತ್ತಾರೆ. ಇರಬಹುದು. ಆದರೆ ನಾನು ಮೊದಲು ನೋಡುವುದು ಬ್ರೀದರ್. ಆಕ್ಸಲ್ ಹೌಸಿಂಗ್‌ನ ನೆತ್ತಿಯ ಮೇಲೆ ಒಂದು ಪುಟ್ಟ ವಾಲ್ವ್ ಇರುತ್ತದೆ. ಗಾಡಿ ಓಡಿದಾಗ ಡಿಫ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗುತ್ತದೆ. ಆ ಬಿಸಿಯಲ್ಲೇ ಹಳ್ಳದ ತಣ್ಣೀರಿಗೆ ಇಳಿದರೆ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ. ಕೆಸರು ಕಟ್ಟಿ ಬ್ರೀದರ್ ಮುಚ್ಚಿಹೋಗಿದ್ದರೆ ಆ ಎಳೆತಕ್ಕೆ ಸೀಲಿನ ತುಟಿಯಿಂದಲೇ ನೀರು ಒಳಗೆ ಬರುತ್ತದೆ. ಮುಚ್ಚಿರದಿದ್ದರೂ ಕಷ್ಟವೇ, ಬ್ರೀದರೇ ನೀರೊಳಗೆ ಇದ್ದರೆ ಅದೇ ನೀರು ಎಳೆದುಕೊಳ್ಳುತ್ತದೆ. ಹಬ್ ಮುಳುಗುವಷ್ಟು ನೀರು ಅಂದಿರಿ. ಹಬ್ ಮುಳುಗಿದರೆ ಬ್ರೀದರ್ ಕೂಡ ಹೆಚ್ಚುಕಮ್ಮಿ ಮುಳುಗಿದ ಹಾಗೆಯೇ. ಮುಕ್ಕಾಲು ಗಂಟೆ ಅಂದರೆ ಹೌಸಿಂಗ್ ಪೂರ್ತಿ ತಣಿಯುವುದಕ್ಕೆ ಧಾರಾಳವಾದ ಸಮಯ.

ಡೀಸೆಲ್ ಹಾಕಿ ತೊಳೆದದ್ದು ನಮ್ಮ ಕಡೆ ತುಂಬಾ ರೂಢಿಯಲ್ಲಿರುವ ಪದ್ಧತಿ. ಬಿಚ್ಚಿಟ್ಟ ಭಾಗವನ್ನು ತೊಳೆಯಲು ಡೀಸೆಲ್ ಅಡ್ಡಿಯಿಲ್ಲ. ಡೀಸೆಲ್ ತುಂಬಿಸಿ ಗಾಡಿ ಓಡಿಸುವುದು ಮಾತ್ರ ಬೇಡವೇ ಬೇಡ. ಡಿಫ್‌ನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕದು) ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ. ಆ ಒತ್ತಡ ತಡೆಯಲೆಂದೇ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಆಯಿಲ್ ಇರುವುದು. ಡೀಸೆಲ್‌ಗೆ ಆ ಶಕ್ತಿ ಇಲ್ಲ. ತೊಳೆಯಬೇಕಿದ್ದರೆ ಕಡಿಮೆ ಬೆಲೆಯ ಹೊಸ ಗೇರ್ ಆಯಿಲ್ ಹಾಕಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ಚಕ್ರವನ್ನು ಸ್ವಲ್ಪ ಹೊತ್ತು ನಿಧಾನವಾಗಿ ತಿರುಗಿಸಿ ಇಳಿಸಬೇಕು. ಬಣ್ಣ ತಿಳಿಯಾಗುವವರೆಗೆ ಹಾಗೇ ಮಾಡಬೇಕು.

ನಿಮ್ಮ ವಿಷಯದಲ್ಲಿ ಆ ಹಂತ ದಾಟಿದೆ. ಹೊಸ ಆಯಿಲ್ ಎರಡು ವಾರದಲ್ಲಿ ಮತ್ತೆ ಕಾಫಿ ಬಣ್ಣಕ್ಕೆ ಬಂತು ಅಂದರೆ ಒಂದೋ ಆಕ್ಸಲ್ ಕೊಳವೆಗಳೊಳಗೆ ನಿಂತ ನೀರು ಪೂರ್ತಿ ಹೊರಬಂದಿಲ್ಲ, ಅಥವಾ ಮಳೆ ನೀರು ಈಗಲೂ ಎಲ್ಲಿಂದಲೋ ಒಳಗೆ ಹೋಗುತ್ತಿದೆ. ಜೊತೆಗೆ ಸದ್ದು ಬೇರೆ. ಹಾಗಾಗಿ ಡಿಫ್ ಬಿಚ್ಚಲೇಬೇಕು. ಜಿಪ್ಸಿಯಲ್ಲಿ ಇದು ಅಷ್ಟು ದೊಡ್ಡ ಕೆಲಸವಲ್ಲ. ಎರಡೂ ಆಕ್ಸಲ್ ಶಾಫ್ಟ್ ಹೊರಗೆಳೆದು, ಎಂಜಿನ್ ಕಡೆಯಿಂದ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಡಿಫ್‌ನ ಇಡೀ ಮುದ್ದೆ ಮುಂದಿನಿಂದ ಈಚೆ ಬರುತ್ತದೆ. ಅದನ್ನು ಮೇಜಿನ ಮೇಲಿಟ್ಟುಕೊಂಡು ಬೇರಿಂಗ್ ನೋಡಬಹುದು.

ಬೇರಿಂಗ್‌ನ ರೋಲರ್ ಮೇಲೆ, ಅದು ಓಡುವ ಹಾದಿಯ ಮೇಲೆ ತುಕ್ಕಿನ ಚುಕ್ಕೆ ಕಂಡರೆ ಬದಲಾಯಿಸಿ. ಪಾಲಿಶ್ ಮಾಡಿ ಹಾಕಿಬಿಡೋಣ ಅಂದರೆ ಒಪ್ಪಬೇಡಿ. ಆಕ್ಸಲರೇಟರ್ ಒತ್ತಿದಾಗ ಒಂದು ಥರ, ಕಾಲು ತೆಗೆದಾಗ ಇನ್ನೊಂದು ಥರ ಸದ್ದು ಬಂದರೆ ನನ್ನ ಅನುಮಾನ ಮೊದಲು ಪಿನಿಯನ್ ಬೇರಿಂಗ್ ಮೇಲೆ. ಕ್ರೌನ್-ಪಿನಿಯನ್ ಹಲ್ಲು ಹೋಗಿದ್ದರೆ ಜೋಡಿಯಾಗಿಯೇ ಬದಲಾಯಿಸಬೇಕು. ಅವು ಒಟ್ಟಿಗೆ ಕೂಡಿಸಿ ತಯಾರಾದವು. ಒಂದು ಗಾಡಿಯ ಕ್ರೌನ್, ಇನ್ನೊಂದರ ಪಿನಿಯನ್ ಸೇರಿಸಿದರೆ ಎಷ್ಟು ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಹಾಕಿದರೂ ಸದ್ದು ಹೋಗುವುದಿಲ್ಲ.

ಗುಜರಿಯಿಂದ ಇಡೀ ಡಿಫ್ ತರುವ ದಾರಿಯೂ ಇದೆ. ಹಣ ಉಳಿಯುತ್ತದೆ, ಆದರೆ ಅಪಾಯವೂ ಇದೆ. 1985ರಲ್ಲಿ ಬಂದ 970 ಸಿಸಿ ಜಿಪ್ಸಿಯ ಡಿಫ್ ಮತ್ತು 1996ರ ನಂತರದ ಕಿಂಗ್‌ನ ಡಿಫ್ ಹೊರಗಿನಿಂದ ನೋಡಲು ಒಂದೇ ಥರ. ಒಳಗಿನ ಹಲ್ಲಿನ ಲೆಕ್ಕ ಬೇರೆ ಇರಬಹುದು. ಆದ್ದರಿಂದ ಕ್ರೌನ್‌ನ ಹಲ್ಲು ಎಣಿಸಿ, ಪಿನಿಯನ್‌ನ ಹಲ್ಲು ಎಣಿಸಿ, ಭಾಗಿಸಿ ನೋಡಿ. ಮುಂದಿನ ಡಿಫ್‌ಗೂ ಹಿಂದಿನದಕ್ಕೂ ಒಂದೇ ಸಂಖ್ಯೆ ಬರಲೇಬೇಕು. ಬರದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್ ಒಂದನ್ನೊಂದು ಜಗ್ಗುತ್ತವೆ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಕೊಳ್ಳುವುದಾದರೆ ಎಣಿಸದೆ ದುಡ್ಡು ಕೊಡಬೇಡಿ.

ಡಿಫ್ ಹೊರಗಿರುವಾಗ ಹೌಸಿಂಗ್‌ನ ಹಿಂಬದಿಯ ಗುಂಡು ಮುಚ್ಚಳವನ್ನೂ ಟಾರ್ಚ್ ಬಿಟ್ಟು ನೋಡಿಸಿ. ಅದು ತೆಳು ತಗಡು. ಬಂಡೆ ಹೊಡೆದು ಒಳಕ್ಕೆ ತಗ್ಗಿದ್ದರೆ ಕ್ರೌನ್‌ಗೆ ಉಜ್ಜುತ್ತದೆ. ವೆಲ್ಡಿಂಗ್ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿದ್ದರೂ ನೀರಿಗೆ ದಾರಿ ಸಾಕು. ನಿಮ್ಮ ಆಯಿಲ್ ಎರಡನೇ ಸಲ ಕೆಟ್ಟದ್ದಕ್ಕೆ ಇದೂ ಕಾರಣ ಇರಬಹುದು.

ಇನ್ನು ಸೊಟ್ಟಗೆ ಓಡುವ ವಿಷಯ. ಇದನ್ನು ನೀವೇ ಮನೆಯಲ್ಲಿ ಅಳೆಯಬಹುದು, ಅರ್ಧ ಗಂಟೆಯ ಕೆಲಸ. ಗಾಡಿಯನ್ನು ಮಟ್ಟವಾದ ಕಾಫಿ ಕಣದಲ್ಲಿ ನಿಲ್ಲಿಸಿ, ಮುಂದಿನ ಚಕ್ರ ನೇರ ಇಡಿ. ನಾಲ್ಕೂ ಹಬ್‌ಗಳ ನಡುಬಿಂದುವಿನಿಂದ ತೂಕದ ದಾರ ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಬಲಗಡೆ ಮುಂದಿನ ಗುರುತಿನಿಂದ ಹಿಂದಿನದಕ್ಕೆ ಅಳೆಯಿರಿ, ಎಡಗಡೆಯೂ ಹಾಗೇ. ಜಿಪ್ಸಿಯ ವೀಲ್‌ಬೇಸ್ 2,375 ಮಿ.ಮೀ. ಎರಡೂ ಕಡೆ ಅದರ ಆಸುಪಾಸು ಬರಬೇಕು, ಮುಖ್ಯವಾಗಿ ಎರಡೂ ಒಂದೇ ಬರಬೇಕು. ಒಂದು ಸೆಂಟಿಮೀಟರ್ ವ್ಯತ್ಯಾಸ ಕಂಡರೂ ಆಕ್ಸಲ್ ಜರುಗಿದೆ ಅಂತ ಅರ್ಥ.

ಲೀಫ್ ಸ್ಪ್ರಿಂಗ್‌ನ ಪಟ್ಟಿಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂತಿರುತ್ತದೆ. ಆಕ್ಸಲ್ ತನ್ನ ಜಾಗದಲ್ಲಿ ನಿಲ್ಲುವುದು ಅದರಿಂದಲೇ. ಆದರೆ ಹೊರೆ ಹೊರಬೇಕಾದದ್ದು ಆ ಬೋಲ್ಟ್ ಅಲ್ಲ, ಸುತ್ತ ಬಿಗಿದ ಯು ಬೋಲ್ಟ್‌ಗಳು. ಮಲೆನಾಡಿನ ದಾರಿಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ಯು ಬೋಲ್ಟ್ ಸಡಿಲವಾಗಿರುತ್ತದೆ, ಯಾರೂ ಬಿಗಿಮಾಡಿರುವುದಿಲ್ಲ. ಆಗ ಒಂದು ಬಂಡೆಯ ಹೊಡೆತ ಸಾಕು, ಸೆಂಟರ್ ಬೋಲ್ಟ್ ಕತ್ತರಿಸುತ್ತದೆ. ನಿಮ್ಮ ಗಾಡಿಗೂ ಹೀಗೇ ಆಗಿದ್ದರೆ ಅದು ಅಗ್ಗದ ರಿಪೇರಿ. ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಜೊತೆಗೆ ಬುಷ್. ಹಳೆ ಯು ಬೋಲ್ಟ್ ಮತ್ತೆ ಹಾಕಬೇಡಿ, ಒಮ್ಮೆ ಬಿಗಿದ ಮೇಲೆ ಅದು ಎಳೆದುಕೊಂಡಿರುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಇಡಿಸಿ.

ಎರಡೂ ಕಡೆ ಅಳತೆ ಸರಿಯಿದ್ದು ಗಾಡಿ ಸೊಟ್ಟಗೇ ಓಡಿದರೆ ಹೌಸಿಂಗ್ ಬಗ್ಗಿರಬಹುದು. ಹಿಂದಿನ ಎರಡು ಟೈರ್‌ಗಳ ನಡುವಿನ ಅಂತರವನ್ನು ಮುಂಭಾಗದಲ್ಲೂ ಹಿಂಭಾಗದಲ್ಲೂ ಹಬ್ ಎತ್ತರದಲ್ಲಿ ಅಳೆದು ನೋಡಿ. ಎರಡೂ ಒಂದೇ ಇರಬೇಕು. ಬಗ್ಗಿದ ಹೌಸಿಂಗ್ ಅನ್ನು ಬೆಂಕಿಯಲ್ಲಿ ಕಾಯಿಸಿ ನೇರ ಮಾಡುವವರು ಇದ್ದಾರೆ. ನಾನು ಮಾಡಿಸುವುದಿಲ್ಲ. ಕಾಯಿಸಿದ ಜಾಗದಲ್ಲಿ ಉಕ್ಕು ಮೆತ್ತಗಾಗುತ್ತದೆ, ಮುಂದಿನ ಗುಂಡಿಯಲ್ಲಿ ಅಲ್ಲೇ ಮತ್ತೆ ಬಗ್ಗುತ್ತದೆ. ಆಕ್ಸಲ್ ಸೀಲ್ ಪದೇ ಪದೇ ಸೋರಿ ಬ್ರೇಕ್ ಲೈನರ್ ಮೇಲೆ ಆಯಿಲ್ ಬೀಳುತ್ತದೆ. ನೇರವಾಗಿರುವ ಹಳೆ ಹೌಸಿಂಗ್ ಹುಡುಕಿ ಹಾಕುವುದು ಒಳ್ಳೆಯದು.

ಸ್ಟೀರಿಂಗ್ ನಡುಕಕ್ಕೆ ಗ್ಯಾರೇಜಿನವರು ಡ್ಯಾಂಪರ್ ಬದಲಾಯಿಸಿ ಅಂದರೆ ಸದ್ಯಕ್ಕೆ ಬೇಡ ಅನ್ನಿ. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ಮೊದಲು ಪೈಪ್ ಹಿಡಿದು ನಾಲ್ಕೂ ಚಕ್ರದ ರಿಮ್‌ನ ಒಳಬದಿ ತೊಳೆಯಿರಿ. ಒಣಗಿದ ಕೆಸರು ಒಂದೇ ಕಡೆ ಕೂತು ಬ್ಯಾಲೆನ್ಸ್ ಹಾಳುಮಾಡುವುದು ಮಳೆಗಾಲದಲ್ಲಿ ನಾವು ದಿನಾ ನೋಡುವ ಕಥೆ. ಡಿಫ್ ಸರಿಹೋಗಿ ಗಾಡಿ ಓಡಿಸಿದಾಗ, ತೊಳೆದ ಮೇಲೂ ನಡುಗಿದರೆ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಮ್ಮೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನದು. ಜಿಪ್ಸಿಯ ನಡುಕಕ್ಕೆ ದೊಡ್ಡ ಕಾರಣವೇ ಈ ಕಿಂಗ್‌ಪಿನ್ ಬೇರಿಂಗ್. ನಕಲ್‌ನ (ಆ ಬೇರಿಂಗ್ ಕೂರುವ ಗಂಟಿನ) ರಬ್ಬರ್ ಸೀಲ್ ಹರಿದಿದ್ದರೆ ಹಳ್ಳದ ನೀರು ನೇರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಎರಡೂ ನಕಲ್ ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಮತ್ತು ಸೀಲ್ ಹಾಕಿ, ಶಿಮ್‌ನಿಂದ ಬಿಗಿ ಸರಿಮಾಡಿಸಿ. ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ಬಾಕ್ಸ್‌ನ ಬೋಲ್ಟ್ ಎಲ್ಲವನ್ನೂ ಅದೇ ಹೊತ್ತಿಗೆ ನೋಡಿ.

ಟ್ರ್ಯಾಕ್ಟರ್‌ನಿಂದ ಎಳೆಸಿದ್ದು ಎಲ್ಲಿಗೆ ಕಟ್ಟಿ ಅಂತ ನೀವು ಬರೆದಿಲ್ಲ. ಬಂಪರ್‌ಗೋ, ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್‌ಗೋ ಕಟ್ಟಿದ್ದರೆ ಆ ಸುತ್ತಲಿನ ಚಾಸಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ ಬಿರುಕು ಹುಡುಕಿ. ಸಿಕ್ಕರೆ ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು, ಬಿರುಕು ತುಂಬಿಸಿ, ಮೇಲೆ ಪಟ್ಟಿ ಹೊದಿಸಿ ವೆಲ್ಡ್ ಮಾಡಬೇಕು. ಸುಮ್ನೆ ಮೇಲಿಂದ ಒಂದು ಗೆರೆ ಎಳೆದರೆ ಅದು ಪಕ್ಕದಲ್ಲೇ ಮತ್ತೆ ಬಿಡುತ್ತದೆ. ನಿಮ್ಮದು ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಮತ್ತು ಆ ಕಂಪ್ಯೂಟರಿನ (ಇಸಿಯು) ಸಾಕೆಟ್ ಬಿಚ್ಚಿಸುವುದನ್ನು ಮರೆಯಬೇಡಿ.

ಹಿಂದಿನ ಬ್ರೇಕ್ ಡ್ರಮ್‌ನೊಳಗಿನ ಮರಳು, ಮುಂದಿನ ಡಿಫ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಇವುಗಳ ಆಯಿಲ್, ಹಬ್‌ನ ಗ್ರೀಸ್ ಇವೆಲ್ಲವನ್ನೂ ಒಮ್ಮೆ ನೋಡಲೇಬೇಕು. ಹಿಂದಿನದರಲ್ಲಿ ನೀರು ಹೊಕ್ಕಿದ್ದರೆ ಉಳಿದವು ಒಣಗಿರುತ್ತವೆ ಅಂತ ನಂಬಲಾಗದು.

ಈಗ ಅಪ್‌ಗ್ರೇಡ್. ರಿಪೇರಿಯ ನಂತರ ನಿಮ್ಮ ಹಣ ಮೊದಲು ಹೋಗಬೇಕಾದದ್ದು ಬ್ರೀದರ್‌ಗೆ. ಎರಡೂ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಇವುಗಳ ಬ್ರೀದರ್‌ಗೆ ರಬ್ಬರ್ ಪೈಪ್ ಜೋಡಿಸಿ ಎತ್ತರಕ್ಕೆ ಒಯ್ಯಿರಿ. ಮುಂದಿನವು ಬಾನೆಟ್ ಒಳಗೆ, ಹಿಂದಿನದು ಪೆಟ್ರೋಲ್ ಹಾಕುವ ಬಾಯಿಯ ಮಟ್ಟಕ್ಕೆ. ಆಕ್ಸಲ್ ಕುಣಿದಾಗ ಜಗ್ಗದಷ್ಟು ಸಡಿಲ ಬಿಡಿ. ತುದಿಗೆ ಸಣ್ಣ ಫಿಲ್ಟರ್ ಹಾಕಿ. ಕೆಲವು ನೂರು ರೂಪಾಯಿಯ ಸಾಮಾನು ಇದು. ಎರಡೂವರೆ ಲಕ್ಷದ ಪಟ್ಟಿಯಲ್ಲಿ ಇದು ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಆಮೇಲೆ ಎಳೆಯುವ ಕೊಕ್ಕೆಗಳು. ಮುಂದೆ ಎರಡು, ಹಿಂದೆ ಎರಡು, ಚಾಸಿಗೆ ಒಳಗಿಂದ ಪ್ಲೇಟ್ ಕೊಟ್ಟು ಬೋಲ್ಟ್ ಮಾಡಿದವು. ಜೊತೆಗೆ ಒಳ್ಳೆಯ ಪಟ್ಟಿ ಹಗ್ಗ ಮತ್ತು ಅದನ್ನು ಸಿಕ್ಕಿಸುವ ಕಬ್ಬಿಣದ ಬಳೆ, ಡಿ ಶ್ಯಾಕಲ್. ಎಳೆಯುವಾಗ ಕಿತ್ತು ಬಂದ ಕಬ್ಬಿಣದ ತುಂಡು ಗುಂಡಿನಷ್ಟೇ ಅಪಾಯ. ಹಿಂದಿನ ಡಿಫ್ ಮುಚ್ಚಳಕ್ಕೆ ದಪ್ಪ ಪ್ಲೇಟಿನ ಗಾರ್ಡ್ ಹಾಕಿಸಿ. ನಿಮಗೆ ಪೆಟ್ಟು ಬಿದ್ದದ್ದೇ ಅಲ್ಲಿ.

ಟೈರ್ ವಿಷಯದಲ್ಲಿ ಲೆಕ್ಕ ಹಾಕಿ ನೋಡೋಣ. ಕಂಪನಿಯ 205/70 ಆರ್15 ಟೈರ್‌ನ ಎತ್ತರ ಸುಮಾರು 668 ಮಿ.ಮೀ. ಅವರು ಹೇಳಿದ 235/75 ಆರ್15 ಸುಮಾರು 733. ವ್ಯತ್ಯಾಸ 65, ಆದರೆ ಆಕ್ಸಲ್ ಏರುವುದು ಅದರ ಅರ್ಧ, ಅಂದರೆ ಬರೀ 33 ಮಿ.ಮೀ. ಅದಕ್ಕೆ ನೀವು ಕೊಡುವ ಬೆಲೆ ದೊಡ್ಡದು. ಪ್ರತಿ ಗೇರೂ ಹತ್ತಿರ ಹತ್ತಿರ ಶೇ 10ರಷ್ಟು ಭಾರವಾಗುತ್ತದೆ. 1.3 ಲೀಟರ್ ಎಂಜಿನ್‌ಗೆ ಘಾಟಿ ಹತ್ತುವಾಗ ಅದು ಗೊತ್ತಾಗುತ್ತದೆ. ಲೋ ಗೇರ್‌ನಲ್ಲಿ ಇಳಿಯುವಾಗ ಎಂಜಿನ್ ಹಿಡಿತವೂ ಕಡಿಮೆ, ಮಲೆನಾಡಿನಲ್ಲಿ ಇದು ಇನ್ನೂ ಮುಖ್ಯ. ಮೀಟರ್ 60 ತೋರಿಸಿದಾಗ ನಿಜವಾದ ವೇಗ 66. ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್ (ಚಕ್ರ ಹೊರಳಿದಾಗಲೂ ಶಕ್ತಿ ದಾಟಿಸುವ ಕೀಲು), ಸ್ಟೀರಿಂಗ್ ಪೂರ್ತಿ ತಿರುಗಿಸಿ ಒತ್ತಿದಾಗ ಮುರಿಯುವ ಸಂಭವ ಜಾಸ್ತಿ. 215/75 ಆರ್15 ಹಾಕಿದರೆ ಆಕ್ಸಲ್ 18 ಮಿ.ಮೀ. ಏರುತ್ತದೆ, ಗೇರ್ ಮೇಲಿನ ಹೊರೆ ಶೇ 5ರಷ್ಟು ಮಾತ್ರ. ತೋಟಕ್ಕೂ ಡಾಂಬರಿಗೂ ಒಂದೇ ಗಾಡಿ ಅಂದರೆ ಒಳ್ಳೆಯ ಆಲ್ ಟೆರೇನ್ ಟೈರ್ ಸಾಕು. ಕೆಸರಿಗೆ ಇಳಿಯುವ ಮುಂಚೆ ಗಾಳಿಯನ್ನು 18 ಪಿಎಸ್ಐಗೆ ಇಳಿಸಿ, ಡಾಂಬರಿಗೆ ಬರುವ ಮುಂಚೆ ಮತ್ತೆ ತುಂಬಿಸಿ. ಅದಕ್ಕೊಂದು ಪುಟ್ಟ ಕಂಪ್ರೆಸರ್ ಇಟ್ಟುಕೊಳ್ಳಿ. ಈ ಒಂದು ಅಭ್ಯಾಸದಿಂದ ಸಿಗುವ ಹಿಡಿತ ದೊಡ್ಡ ಟೈರಿನಿಂದಲೂ ಸಿಗುವುದಿಲ್ಲ.

ನಾಲ್ಕಿಂಚು ಲಿಫ್ಟ್‌ಗೆ ನಾನು ಬೇಡ ಅನ್ನುತ್ತೇನೆ. ಜಿಪ್ಸಿಯ ಅಗಲ 1,540 ಮಿ.ಮೀ., ಎತ್ತರ ಅದಕ್ಕಿಂತ ಜಾಸ್ತಿ. ಇನ್ನೂ ಎತ್ತಿದರೆ ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚು. ಉದ್ದ ಶ್ಯಾಕಲ್ ಹಾಕಿ ಎತ್ತಿದರೆ ಆಕ್ಸಲ್ ತಿರುಗಿ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ, ಅದರ ಕೀಲುಗಳಾದ ಯುಜೆ ಕ್ರಾಸ್‌ಗಳು ಬೇಗ ಹೋಗುತ್ತವೆ. ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ನಿಮ್ಮ ಸ್ಪ್ರಿಂಗ್ ಸೋತು ಕೂತಿದ್ದರೆ ಹೊಸ ಸ್ಪ್ರಿಂಗ್ ಮತ್ತು ಶಾಕ್ ಹಾಕಿಸಿ, ಕಳೆದುಹೋದ ಎತ್ತರ ಅಷ್ಟರಲ್ಲೇ ಮರಳಿ ಬರುತ್ತದೆ. ಸ್ಪೇಸರ್ ಖಂಡಿತ ಬೇಡ, ವೀಲ್ ಬೇರಿಂಗ್‌ಗೆ ಅದು ಶತ್ರು. ಲಾಕರ್ ಒಳ್ಳೆಯ ವಸ್ತುವೇ. ಆದರೆ ಅದು ಇಡೀ ಶಕ್ತಿಯನ್ನು ಒಂದೇ ಆಕ್ಸಲ್ ಶಾಫ್ಟ್ ಮೇಲೆ ಹಾಕಬಲ್ಲದು. ಈಗಷ್ಟೇ ಪೆಟ್ಟು ತಿಂದ ಆಕ್ಸಲ್‌ಗೆ ಬೇಡ. ಒಂದು ಮಳೆಗಾಲ ಕಳೆಯಲಿ, ಬೇಕು ಅನ್ನಿಸಿದರೆ ಆಗ ನೋಡಿ.

ಕಾನೂನಿನ ಕಡೆಯೂ ಗಮನವಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ನಿಮ್ಮದು 2007ರ ಗಾಡಿ. ಹದಿನೈದು ವರ್ಷ ತುಂಬಿದಾಗ, 2022ರಲ್ಲಿ, ಆರ್‌ಸಿ (ನೋಂದಣಿ ಪತ್ರ) ನವೀಕರಿಸಿರುತ್ತೀರಿ. ಆ ನವೀಕರಣ ಐದು ವರ್ಷಕ್ಕೆ, ಹಾಗಾಗಿ ಮುಂದಿನದು 2027ರಲ್ಲಿ. ಲಿಫ್ಟ್ ಮಾಡಿದ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿದಾಗ ಎಲ್ಲವನ್ನೂ ಬಿಚ್ಚಿ ತನ್ನಿ ಅನ್ನಬಹುದು. ಅಪಘಾತವಾದರೆ ವಿಮೆಯವರೂ ಇದೇ ನೆಪ ತೆಗೆಯುತ್ತಾರೆ.

ಮಾರುವ ಪ್ರಶ್ನೆ. ಚಾಸಿ ಒಳಗಿಂದ ತುಕ್ಕು ತಿಂದು ಸ್ಪ್ರಿಂಗ್ ಕೂರುವ ಜಾಗಗಳೇ ಸಡಿಲವಾಗಿದ್ದರೆ ಮಾರುವುದೇ ಸರಿ, ಅದರ ಮೇಲೆ ಹಣ ಸುರಿಯಬೇಡಿ. ಚಾಸಿ ಗಟ್ಟಿಯಿದ್ದರೆ ಇಟ್ಟುಕೊಳ್ಳಿ. ನೀವು ಬರೆದ ತೊಂದರೆಗಳಲ್ಲಿ ಒಂದೂ ಸರಿಮಾಡಲಾಗದ್ದಲ್ಲ. ಇಷ್ಟು ಹಗುರ, ಇಷ್ಟು ಸರಳ ಫೋರ್ ವೀಲ್ ಗಾಡಿ ಈಗ ಹೊಸದಾಗಿ ಸಿಗುವುದೂ ಇಲ್ಲ.

ಮಕ್ಕಳ ಬಗ್ಗೆ ಬರೆದಿದ್ದೀರಿ, ಅದನ್ನು ಬಿಟ್ಟು ಮುಗಿಸಲಾರೆ. ಸಾಫ್ಟ್ ಟಾಪ್ ಜಿಪ್ಸಿ ಮಗುಚಿದರೆ ಮೇಲಿನ ಬಟ್ಟೆ ಏನನ್ನೂ ತಡೆಯುವುದಿಲ್ಲ. ಹಿಂದಿನ ಅಡ್ಡ ಸೀಟಿನಲ್ಲಿ ಕೂತವರು ಬೆಲ್ಟ್ ಇಲ್ಲದೆ ಇದ್ದರೆ ಹೊರಗೇ ಬೀಳುತ್ತಾರೆ. ಲಿಫ್ಟ್‌ಗೆ ಅಂತ ಇಟ್ಟ ಹಣದಲ್ಲಿ ಚಾಸಿಗೆ ಸೇರಿಸಿ ಕಟ್ಟಿದ ರೋಲ್ ಕೇಜ್, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟು, ಪ್ರತಿ ಸೀಟಿಗೆ ಬೆಲ್ಟ್ ಹಾಕಿಸುವ ಬಗ್ಗೆ ಯೋಚಿಸಿ. ಇವೂ ಮಾರ್ಪಾಡೇ ಆದ್ದರಿಂದ ಮೊದಲು ಆರ್‌ಟಿಒದಲ್ಲಿ ಲಿಖಿತವಾಗಿ ಕೇಳಿ, ಒಪ್ಪಿಗೆ ಪಡೆದು ಮಾಡಿಸಿ. ಅದು ಆಗುವವರೆಗೆ ಮಕ್ಕಳು ಕೂತಿರುವಾಗ ಹಳ್ಳ, ಅಡ್ಡ ಇಳಿಜಾರು ಬೇಡ.